ಮಾತು ತಡವಾಗಿ ತಲುಪುವ ಊರಿನಿಂದ ಒಂದು ಸಂದರ್ಶನ

೨೦೨೪ರ ಮಾರ್ಚ್ ೧೧, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ನನ್ನ ಕೆಲಸ ಹೋಯಿತು. ಹೋಯಿತು ಎಂದು ಕಂಪನಿಯ ಪತ್ರದಲ್ಲಿ ಬರೆದಿರಲಿಲ್ಲ. ಇನ್ನು ಮುಂದೆ ಯಾರೂ ಮನೆಯಿಂದ ಕೆಲಸ ಮಾಡುವಂತಿಲ್ಲ, ವಾರಕ್ಕೆ ಐದು ದಿನ ಕಚೇರಿಗೆ ಬರಬೇಕು, ಬರಲಾಗದವರ ಕೊನೆಯ ದಿನ ಮೇ ೧೦ ಎಂದಷ್ಟೇ ಇತ್ತು. ಕಚೇರಿ ಇದ್ದದ್ದು ರೈಲಿನಲ್ಲಿ ಹದಿನಾಲ್ಕು ಗಂಟೆಯ ದೂರದಲ್ಲಿ. ನಾನು "ಅಯ್ಯೋ" ಎಂದೆ. ಆ ಅಯ್ಯೋ ನನ್ನ ಕಿವಿಗೆ ಬೀಳುವಷ್ಟರಲ್ಲಿ ಪತ್ರವನ್ನು ಎರಡನೆಯ ಸಲ ಓದಿ ಮುಗಿಸಿದ್ದೆ.

ನಮ್ಮ ಊರಲ್ಲಿ ಯಾವ ಶಬ್ದವೂ ಆದ ಕೂಡಲೇ ಕೇಳುವುದಿಲ್ಲ. ಮಾತಾಗಲಿ, ಪಾತ್ರೆ ಬಿದ್ದದ್ದಾಗಲಿ, ನಾಯಿ ಬೊಗಳಿದ್ದಾಗಲಿ, ಹತ್ತಿರದ್ದಾಗಲಿ ದೂರದ್ದಾಗಲಿ, ಎಲ್ಲಕ್ಕೂ ಅಷ್ಟೇ ವಿಳಂಬ. ನಾನು ಭೌತಶಾಸ್ತ್ರ ಓದಿದವಳು. ಇಲ್ಲಿಗೆ ಬಂದ ಮೊದಲ ವಾರವೇ ಸ್ಟಾಪ್‌ವಾಚ್ ಹಿಡಿದು, ಚಪ್ಪಾಳೆ ತಟ್ಟಿ, ಅಳೆದು ನೋಡಿದ್ದೆ. ೯.೪ ಸೆಕೆಂಡು ಬಂತು. ಆಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಅಭ್ಯಾಸವಾಯಿತು. ಹನ್ನೊಂದು ವರ್ಷದಲ್ಲಿ ಆ ಅಂಕಿ ಅಲುಗಿಲ್ಲ.

ಊರಿನವರಿಗೆ ಇದು ಗಾಳಿ ಬೀಸಿದಷ್ಟು ಸಹಜ. ಕುಕ್ಕರಿನ ಮುಂದೆ ನಿಂತವರು ಸೀಟಿಗೆ ಕಿವಿಗೊಡುವುದಿಲ್ಲ, ಆವಿ ಎಷ್ಟು ಸಲ ಹಾರಿತೆಂದು ನೋಡಿ ಎಣಿಸುತ್ತಾರೆ. ಆಟೋಗಳಿಗೆ ಹಾರನ್ ಇಲ್ಲ, ಕೆಂಪು ಬಟ್ಟೆಯ ಬಾವುಟವಿದೆ. ಮದುವೆಯಲ್ಲಿ ವಾಲಗದವರು ಪುರೋಹಿತರ ಕೈಯನ್ನೇ ದಿಟ್ಟಿಸುತ್ತಾ ಕೂತು, ತಾಳಿ ಕಟ್ಟುವುದಕ್ಕೆ ಒಂಬತ್ತು ಸೆಕೆಂಡು ಮೊದಲೇ ಗಟ್ಟಿಮೇಳ ಶುರುಮಾಡುತ್ತಾರೆ. ಹೊಸ ಡೋಲಿನವನು ಅವಸರಪಟ್ಟರೆ ಮದುಮಗನ ಕೈ ಇನ್ನೂ ತಟ್ಟೆಯಲ್ಲಿರುವಾಗಲೇ ಮೇಳ ಮೊಳಗಿ ಎಲ್ಲರೂ ಅಕ್ಷತೆ ಎರಚಿಬಿಡುತ್ತಾರೆ. ತುಟಿ ನೋಡಿ ಮಾತು ತಿಳಿಯುವುದು ಇಲ್ಲಿ ಮಕ್ಕಳಿಗೂ ಬರುತ್ತದೆ. ಆದರೆ ಮಾತು ಬಂದು ತಲುಪುವ ಮೊದಲೇ ಉತ್ತರ ಕೊಡುವುದು ಅಸಭ್ಯ, ಬಡಿಸುವ ಮೊದಲೇ ಪಾತ್ರೆಗೆ ಕೈ ಹಾಕಿದ ಹಾಗೆ.

ಇನ್ನೊಂದು ರಿವಾಜಿದೆ. ಆಡಿದ ಮಾತು ಎದುರಿನವರನ್ನು ಮುಟ್ಟುವ ಮೊದಲು, ಆಡಿದವರಿಗೇ ಅದು ಬೇಡವೆನಿಸಿದರೆ ಅಂಗೈ ಎತ್ತಿ ತೋರಿಸಬೇಕು. ಎದುರಿನವರು ತಕ್ಷಣ ಎರಡೂ ಕಿವಿ ಮುಚ್ಚಿಕೊಳ್ಳಬೇಕು. ಮಾತು ಹಾದುಹೋಯಿತು ಎಂದು ಆಡಿದವರು ತಲೆಯಾಡಿಸುವವರೆಗೆ ಕಿವಿ ತೆರೆಯುವಂತಿಲ್ಲ. ಹಾಗೆ ಹಿಂತೆಗೆದುಕೊಂಡ ಮಾತನ್ನು ಆಡಿಯೇ ಇಲ್ಲ ಎಂದು ಭಾವಿಸಬೇಕು. ಏನು ಹೇಳಿದೆ ಎಂದು ಆಮೇಲೆ ಕೆದಕುವುದು ಬೇರೆಯವರ ಕಾಗದ ಒಡೆದು ಓದಿದಷ್ಟೇ ಕೆಟ್ಟದ್ದು. ಈ ಕಾರಣಕ್ಕೇ ಇಲ್ಲಿ ಯಾರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುವುದಿಲ್ಲ. ಊರಿನ ಎಷ್ಟೋ ಸಂಸಾರಗಳು ಉಳಿದಿರುವುದು ಈ ಒಂದು ಅಂಗೈಯಿಂದ ಎಂದು ನನ್ನ ಅಂದಾಜು.

ನಾನು ಇಲ್ಲಿ ನೆಲೆನಿಂತ ಕಾರಣ ಬೇರೆ. ನನಗೆ ಉಗ್ಗು ಇದೆ. ಒಂದೇ ಅಕ್ಷರವನ್ನು ಮತ್ತೆ ಮತ್ತೆ ಹೇಳುವ ಉಗ್ಗಲ್ಲ. ಮೊದಲ ಅಕ್ಷರ ಗಂಟಲಲ್ಲಿ ನಿಂತುಬಿಡುತ್ತದೆ, ಬಾಗಿಲ ಹಿಂದೆ ಯಾರೋ ಅಗುಳಿ ಹಿಡಿದುಕೊಂಡ ಹಾಗೆ. ಐದು ಸೆಕೆಂಡು, ಆರು ಸೆಕೆಂಡು. ಬೇರೆ ಊರುಗಳಲ್ಲಿ ಅಷ್ಟು ಹೊತ್ತು ಯಾರೂ ಕಾಯುವುದಿಲ್ಲ. ಕರುಣೆಯಿಂದ ನನ್ನ ವಾಕ್ಯವನ್ನು ತಾವೇ ಮುಗಿಸುತ್ತಾರೆ, ಸಾಮಾನ್ಯವಾಗಿ ತಪ್ಪಾಗಿ. ಗೆಳತಿಯೊಬ್ಬಳ ಮದುವೆಗೆಂದು ಇಲ್ಲಿಗೆ ಬಂದಾಗ ನನಗೆ ಮೂವತ್ತು ವರ್ಷ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿದ್ದ ಹೆಂಗಸು ಏನೋ ಕೇಳಿದಳು, ನಾನು ಉತ್ತರಿಸಲು ಬಾಯಿ ತೆರೆದೆ, ಅಕ್ಷರ ನಿಂತಿತು, ಆಕೆ ಆರಾಮವಾಗಿ ಅನ್ನ ಕಲಸುತ್ತಾ ನನ್ನ ಮುಖ ನೋಡುತ್ತಿದ್ದಳು. ಅವಸರವೇ ಇರಲಿಲ್ಲ ಆ ಮುಖದಲ್ಲಿ. ಮಾತು ಬಂದಾಗ ಬರುತ್ತದೆ ಎಂದು ಹುಟ್ಟಿದಾಗಿನಿಂದ ಗೊತ್ತಿದ್ದ ಮುಖ. ಮುಂದಿನ ತಿಂಗಳೇ ನಾನು ಮನೆ ಹುಡುಕಿದೆ. ಇಲ್ಲಿ ನನಗೆ ಉಗ್ಗಿದೆ ಎಂದು ಯಾರಿಗೂ ಗೊತ್ತಾಗದೆ ಎರಡು ವರ್ಷ ಕಳೆಯಿತು.

ಮನೆ ಸಿಕ್ಕಿದ್ದು ಪುಟ್ಟಗೌರಮ್ಮನವರ ಹಿಟ್ಟಿನ ಗಿರಣಿಯ ಮೇಲಿನ ಮಹಡಿಯಲ್ಲಿ. ಪುಟ್ಟಗೌರಮ್ಮನವರಿಗೆ ಅರವತ್ತು ದಾಟಿದೆ. ದಿನಕ್ಕೆ ಹತ್ತು ಸಲವಾದರೂ ಅಂಗೈ ಎತ್ತುವ ಬಾಯಿ. ರಾಗಿಯಲ್ಲಿ ಕಲ್ಲು ಬೆರೆಸಿ ತಂದವರಿಗೆ ಬೈದು, ಬೈದದ್ದು ಜಾಸ್ತಿಯಾಯಿತೆನಿಸಿ ಕೈ ಎತ್ತಿ, ಅವರು ಕಿವಿ ಮುಚ್ಚಿ ನಿಂತಿರುವಾಗಲೇ ಇನ್ನೊಂದು ಸುತ್ತು ಬೈಯುತ್ತಾರೆ. ಪತ್ರದ ಸುದ್ದಿ ಮೊದಲು ಹೇಳಿದ್ದು ಅವರಿಗೆ.

"ಅಲ್ಲ ಕಣೆ ಕುಮುದಿನಿ, ನೀನು ಮಾಡೋ ಕೆಲ್ಸ ಎಲ್ಲಾ ಆ ಪೆಟ್ಟಿಗೆ ಒಳಗೇ ಇದ್ಯಲ್ಲ. ಪೆಟ್ಟಿಗೆ ಇಲ್ಲಿದ್ರೇನು, ಅಲ್ಲಿದ್ರೇನು?" ಎಂದರು.

"ಅವರಿಗೆ ನಾವು ಕಣ್ಣ ಮುಂದೆ ಕೂತಿರಬೇಕಂತೆ."

"ಕೂತಿರೋದನ್ನ ನೋಡಕ್ಕೆ ಸಂಬಳ ಕೊಡ್ತಾರಾ? ಹಂಗಾದ್ರೆ ನಮ್ಮ ಬೀದೀಲಿ ಬೇಕಾದಷ್ಟು ಜನ ಇದ್ದಾರೆ, ಕಳಿಸ್ಲಾ?"

ಅದೇ ಕಂಪನಿಯಲ್ಲಿ ನಮ್ಮೂರಿನ ಇನ್ನೊಬ್ಬನೂ ಇದ್ದ, ಇಮ್ತಿಯಾಜ್. ಇಲ್ಲೇ ಹುಟ್ಟಿ ಬೆಳೆದವನು, ಮೂವತ್ತರ ಆಸುಪಾಸು, ಎರಡು ಮಕ್ಕಳ ತಂದೆ. ಅವನಿಗೂ ಅದೇ ಪತ್ರ ಬಂದಿತ್ತು. ಹೊಸ ಕೆಲಸದ ಸಂದರ್ಶನಕ್ಕೆ ಅವನದೊಂದು ಉಪಾಯವಿತ್ತು. ಊರಿನ ದಕ್ಷಿಣಕ್ಕೆ, ಸೇತುವೆ ದಾಟಿ ಒಂದು ಬಿಳಿ ಗಡಿಕಲ್ಲು ಇದೆ. ಅದರಾಚೆ ಕಾಲಿಟ್ಟರೆ ಶಬ್ದ ಎಲ್ಲ ಕಡೆಯ ಹಾಗೆ ತಕ್ಷಣ ಕೇಳುತ್ತದೆ. ಇಮ್ತಿಯಾಜ್ ತನ್ನ ಮಾವನ ಗೂಡ್ಸ್ ಆಟೋವನ್ನು ಕಲ್ಲಿನಾಚೆ ನಿಲ್ಲಿಸಿ, ಹಿಂದೆ ಸ್ಟೂಲು ಹಾಕಿ, ಬಿಳಿ ಬೆಡ್‌ಶೀಟ್ ಕಟ್ಟಿ, ಅದರ ಮುಂದೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದ. ನೋಡಿದವರಿಗೆ ಅಚ್ಚುಕಟ್ಟಾದ ಕೋಣೆ. ಏಪ್ರಿಲ್ ಎರಡನೆಯ ವಾರ, ಮನೆಯಿಂದಲೇ ಮಾಡಬಹುದಾದ ಕೆಲಸ ಅವನಿಗೆ ಸಿಕ್ಕೇಬಿಟ್ಟಿತು.

"ಅಕ್ಕ, ನೀವೂ ಅಲ್ಲೇ ಕೂತ್ಕೊಳಿ. ಆಟೋ ಇದೆ, ಬೆಡ್‌ಶೀಟೂ ಇಸ್ತ್ರಿ ಮಾಡಿಸಿ ಕೊಡ್ತೀನಿ," ಎಂದ.

ನಾನು ಹೋದೆ. ಗಡಿಕಲ್ಲು ದಾಟಿದ ಕೂಡಲೇ ಹಕ್ಕಿಗಳ ಕೂಗು, ಆಟೋದ ಬಾಗಿಲು, ನನ್ನದೇ ಚಪ್ಪಲಿ, ಎಲ್ಲವೂ ಮೈಮೇಲೆ ಬಿದ್ದಂತೆ ಕೇಳಿದವು. ತೆರೆಯ ಮೇಲೆ ಇಬ್ಬರು ಕಾಣಿಸಿಕೊಂಡರು. ಹೆಸರು ಹೇಳಿ ಎಂದರು. ಹೆಸರಿಗಿಂತ ಕಷ್ಟದ ಪದ ನನಗೆ ಬೇರೆ ಇಲ್ಲ. ಬೇರೆ ಪದಕ್ಕಾದರೆ ಬದಲಿ ಪದ ಹುಡುಕಬಹುದು, ಹೆಸರಿಗೆ ಬದಲಿ ಇಲ್ಲ. "ಕು" ಎಂದೆ. ಮೊದಲ ಅಕ್ಷರ ಹೇಗೋ ಹೊರಟಿತು, ಈ ಸಲ ಮುಂದಿನದು ನಿಂತಿತು. ಎರಡು ಸೆಕೆಂಡು ಆಗಿತ್ತೋ ಇಲ್ಲವೋ, ಅವರಲ್ಲೊಬ್ಬರು ಬಹಳ ದಯೆಯಿಂದ ನಕ್ಕು, "ಕುಸುಮಾ ಅವರೇ, ಅಲ್ಲವೇ? ಟೆನ್ಶನ್ ಮಾಡ್ಕೋಬೇಡಿ," ಎಂದರು. ಅಲ್ಲ ಎನ್ನಲು ಇನ್ನೊಂದು ಅಕ್ಷರ ಬೇಕಿತ್ತು. ನಾನು ತಲೆಯಾಡಿಸಿದೆ. ಮುಂದಿನ ನಲವತ್ತು ನಿಮಿಷ ಕುಸುಮಾ ಆಗಿಯೇ ಉತ್ತರ ಕೊಟ್ಟೆ, ಅಂದರೆ ಅವರೇ ಕೊಟ್ಟುಕೊಂಡರು. ನಾನು ಆರಂಭಿಸಿದ ಪ್ರತಿಯೊಂದು ಉತ್ತರವನ್ನೂ ಅವರು ನನ್ನ ಪರವಾಗಿ ಮುಗಿಸಿ, ಅದು ತಪ್ಪೆಂದು ಕಂಡುಕೊಂಡು, ಬೇಸರಪಟ್ಟುಕೊಂಡರು.

ಆಟೋ ಹಿಂದಿನಿಂದ ಇಳಿದು ಬಂದಾಗ ಇಮ್ತಿಯಾಜ್ ನನ್ನ ಮುಖ ನೋಡಿದ. ಬೆಡ್‌ಶೀಟ್ ಮಡಚುತ್ತಾ, "ಅವರ ಗಡಿಯಾರದಲ್ಲೇ ಏನೋ ದೋಷ ಇದೆ ಅಕ್ಕ," ಎಂದ.

ಅಂದೇ ತೀರ್ಮಾನಿಸಿದೆ, ಇನ್ನು ಗಡಿಕಲ್ಲು ದಾಟುವುದಿಲ್ಲ. ಸಂದರ್ಶನ ಕೊಟ್ಟರೆ ಗಿರಣಿಯ ಮಹಡಿಯಿಂದಲೇ. ಇದರ ತೊಂದರೆ ಲೆಕ್ಕ ಹಾಕುವುದು ಕಷ್ಟವಿರಲಿಲ್ಲ. ತೆರೆಯ ಮೇಲಿನ ಚಿತ್ರ ಕೂಡಲೇ ಬರುತ್ತದೆ, ಬೆರಳಚ್ಚು ಮಾಡಿದ ಅಕ್ಷರ ಕೂಡಲೇ ಹೋಗುತ್ತದೆ. ಆದರೆ ಅವರ ಪ್ರಶ್ನೆ ಸ್ಪೀಕರಿನಿಂದ ನನ್ನ ಕಿವಿಗೆ ಬರಲು ೯.೪ ಸೆಕೆಂಡು, ನನ್ನ ಉತ್ತರ ಬಾಯಿಂದ ಮೈಕಿಗೆ ಮುಟ್ಟಲು ಇನ್ನೊಂದು ೯.೪. ಪ್ರಶ್ನೆ ಕೇಳಿದವರು ಹತ್ತೊಂಬತ್ತು ಸೆಕೆಂಡು ಸುಮ್ಮನೆ ಕೂರಬೇಕು. ಮೊದಲ ಸಲ ಪ್ರಯತ್ನಿಸಿದಾಗ ಸಂದರ್ಶಕರು "ಲೈನ್ ಸರಿಯಿಲ್ಲ" ಎಂದು ಏಳನೆಯ ಸೆಕೆಂಡಿಗೆ ಎದ್ದುಹೋದರು. ಎರಡನೆಯವರು ಹನ್ನೆರಡರವರೆಗೆ ತಡೆದುಕೊಂಡರು. ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಸುಧಾರಣೆ ಇದೆ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ.

ಮೂರನೆಯದು ಮೇ ೭, ಮಂಗಳವಾರ, ಬೆಳಿಗ್ಗೆ ಹನ್ನೊಂದಕ್ಕೆ. ಹಳೆಯ ಕೆಲಸಕ್ಕೆ ಉಳಿದದ್ದು ಮೂರು ದಿನ. ಇದೂ ಕೈತಪ್ಪಿದರೆ ರೈಲು ಹತ್ತಬೇಕು, ಮತ್ತೆ ಜೀವನವಿಡೀ ಕುಸುಮಾ ಆಗಬೇಕು. ಪುಟ್ಟಗೌರಮ್ಮನವರಿಗೆ ಗಿರಣಿ ನಿಲ್ಲಿಸಲು ಹೇಳಿದ್ದೆ.

"ಹನ್ನೊಂದಕ್ಕೆ ಸದ್ದು ಇರಬಾರ್ದು ಅಂದ್ರೆ ಅದಕ್ಕೆ ಮುಂಚೆನೇ ಬಂದ್ ಮಾಡ್ಬೇಕು, ಗೊತ್ತು ಕಣೆ. ನಂಗೆ ಪಾಠ ಹೇಳ್ಬೇಡ," ಎಂದು ಗದರಿದ್ದರು.

ಕಂಪನಿ ಪಟ್ಟಣಗಳ ನೀರು ಸರಬರಾಜಿಗೆ ಸಾಫ್ಟ್‌ವೇರ್ ಮಾಡುವಂಥದ್ದು. ತೆರೆಯ ಮೇಲೆ ಬಂದವರು ನಳಿನಾಕ್ಷಿ, ಆ ತಂಡದ ಮುಖ್ಯಸ್ಥೆ, ಐವತ್ತರ ಹತ್ತಿರದವರು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದರು. ನನ್ನನ್ನು ನೋಡಿ ನಕ್ಕು, ತುಟಿಯಲ್ಲಿ ಏನೋ ಅನ್ನುತ್ತಾ, ಅಂಗೈ ಎತ್ತಿದರು.

ನಾನು ಎರಡೂ ಕಿವಿ ಮುಚ್ಚಿಕೊಂಡೆ.

ಹನ್ನೊಂದು ವರ್ಷದ ಅಭ್ಯಾಸ, ಯೋಚಿಸಲು ಸಮಯವಿರಲಿಲ್ಲ. ಆಕೆ ಬರೀ ನಮಸ್ಕಾರದ ಬದಲಿಗೆ ಕೈಬೀಸಿದ್ದರು. ನಾನು ಕಿವಿ ಮುಚ್ಚಿ ಕೂತದ್ದನ್ನು ನೋಡಿ ಅವರ ನಗು ನಿಂತಿತು, ಹುಬ್ಬು ಮೇಲೇರಿತು, ಮತ್ತೇನೋ ಹೇಳಿದರು, ಇನ್ನೂ ಏನೋ ಕೇಳಿದರು. ತಪ್ಪಾಗಿದೆ ಎಂದು ಅಷ್ಟರಲ್ಲಿ ನನಗೆ ತಿಳಿದಿತ್ತು. ಆದರೂ ಅವರು ತಲೆಯಾಡಿಸದೆ ಕಿವಿ ತೆರೆಯಲು ಕೈ ಬರಲಿಲ್ಲ. ಅವರ ಕಣ್ಣೆದುರೇ ಅವರ ಕಾಗದ ಒಡೆದಂತೆ ಅನಿಸುತ್ತಿತ್ತು. ಕೊನೆಗೆ ಅವರು ಏನೂ ಅರ್ಥವಾಗದೆ ಅತ್ತಿತ್ತ ತಲೆಯಾಡಿಸಿದರು. ಅದನ್ನೇ ಅನುಮತಿ ಎಂದುಕೊಂಡು ಕೈ ಇಳಿಸಿ ಕೀಲಿಮಣೆಗೆ ಹಾಕಿದೆ. "ಕ್ಷಮಿಸಿ. ನಮ್ಮ ಊರಲ್ಲಿ ಶಬ್ದ ತಡವಾಗಿ ತಲುಪುತ್ತದೆ. ಪ್ರಶ್ನೆ ಕೇಳಿದ ಮೇಲೆ ದಯವಿಟ್ಟು ಹತ್ತೊಂಬತ್ತು ಸೆಕೆಂಡು ಕಾಯಿರಿ. ನನಗೆ ಉಗ್ಗೂ ಇದೆ, ಅದಕ್ಕಿಂತ ಸ್ವಲ್ಪ ಹೆಚ್ಚೂ ಆಗಬಹುದು."

ಅವರು ಓದಿದರು. ಕನ್ನಡಕ ಕೆಳಗಿಳಿಸಿ ಇನ್ನೊಮ್ಮೆ ಓದಿದರು. ಅವರೂ ಬರೆದರು, "ಹಾಗಿದ್ದರೆ ಇಡೀ ಸಂದರ್ಶನವನ್ನು ಬರವಣಿಗೆಯಲ್ಲೇ ಮಾಡಬಹುದಲ್ಲ? ನನಗೇನೂ ಅಭ್ಯಂತರವಿಲ್ಲ."

ಎಷ್ಟು ಸುಲಭದ ಬಾಗಿಲು ಅದು! ಬರೆಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಆದರೆ ಕೆಲಸದ ವಿವರಣೆಯಲ್ಲಿ ಪ್ರತಿದಿನ ಬೆಳಿಗ್ಗೆ ಒಂಬತ್ತೂವರೆಗೆ ಇಡೀ ತಂಡದ ಮೀಟಿಂಗ್ ಎಂದಿತ್ತು. ಇವತ್ತು ನನಗಾಗಿ ಕಾಯದವರು ಅಲ್ಲಿಯೂ ಕಾಯುವುದಿಲ್ಲ. ಒಂದು ತಿಂಗಳಲ್ಲಿ ನಾನು ಆ ತೆರೆಯ ಮೂಲೆಯಲ್ಲಿ ಮಾತಿಲ್ಲದ ಒಂದು ಚೌಕವಾಗಿರುತ್ತೇನೆ. "ಬೇಡ, ಮಾತಾಡುತ್ತೇನೆ. ಕಾಯಿರಿ," ಎಂದು ಬರೆದೆ.

ನಳಿನಾಕ್ಷಿ ಕುರ್ಚಿ ಹಿಂದಕ್ಕೆ ಸರಿಸಿ ಕೂತು ಕೇಳಿದರು. ಅವರ ತುಟಿ ನಿಂತ ಎಷ್ಟೋ ಹೊತ್ತಿನ ಮೇಲೆ ನನಗೆ ಪೂರ್ತಿ ಕೇಳಿಸಿತು. "ಒಂದು ಪಟ್ಟಣದಲ್ಲಿ ಇಂಜಿನಿಯರ್ ಫೋನಿನಿಂದ, ಇಂಥಾ ಬೀದಿ ವಾಲ್ವ್ ತೆರೆ ಅಂತ ಆದೇಶ ಕಳಿಸ್ತಾರೆ. ಅಷ್ಟರಲ್ಲಿ ಆ ಬೀದೀಲಿ ಪೈಪ್ ರಿಪೇರಿ ನಡೀತಿದೆ ಅಂತ ಗೊತ್ತಾಗಿ ಆದೇಶ ರದ್ದು ಮಾಡ್ತಾರೆ. ನೆಟ್‌ವರ್ಕ್ ಅವಾಂತರದಲ್ಲಿ ರದ್ದು ಮೊದಲು ತಲುಪುತ್ತೆ, ಆದೇಶ ಆಮೇಲೆ. ನಮ್ಮ ಸಿಸ್ಟಮ್, ಇಂಥಾ ಆದೇಶವೇ ನನ್ನ ಹತ್ರ ಇಲ್ಲವಲ್ಲ, ಏನನ್ನ ರದ್ದು ಮಾಡಲಿ ಅಂತ ಅದನ್ನ ಎಸೆದುಬಿಡುತ್ತೆ. ಹಿಂದೆಯೇ ಆದೇಶ ಬರುತ್ತೆ, ವಾಲ್ವ್ ತೆರೆಯುತ್ತೆ, ಗುಂಡಿಯೊಳಗಿರೋ ಕೆಲಸಗಾರರ ಮೇಲೆ ನೀರು. ಇದು ಪರೀಕ್ಷೆಗೆ ಅಂತ ಮಾಡಿದ ಪ್ರಶ್ನೆ ಅಲ್ಲ. ನಾಲ್ಕು ತಿಂಗಳಿಂದ ನಮ್ಮನ್ನ ಕಾಡ್ತಿರೋದು."

ಕೇಳುತ್ತಾ ಕೇಳುತ್ತಾ ನನಗೆ ನಗು ಬಂತು. ನಗು ಅವರಿಗೆ ಕಂಡಿತು, ಕೇಳಿಸಲಿಲ್ಲ. ಅವರು ಗಡಿಯಾರ ನೋಡುತ್ತಾ ಕಾಯುತ್ತಿದ್ದರು. ರದ್ದು ಮೊದಲು, ಆದೇಶ ಆಮೇಲೆ. ಇದು ನಮ್ಮ ಬೀದಿಯಲ್ಲಿ ದಿನಕ್ಕೆ ನೂರು ಸಲ ನಡೆಯುತ್ತದೆ. ಕೈ ಬೆಳಕಿನ ಜೊತೆ ಬರುತ್ತದೆ, ಮಾತು ಹಿಂದಿನಿಂದ ಬರುತ್ತದೆ. ನಾನು ಮಾತು ಶುರುಮಾಡಿದೆ. ಒಂದೆರಡು ಕಡೆ ಅಕ್ಷರ ನಿಂತಿತು. ಅವರು ಕಾಯುತ್ತಲೇ ಇದ್ದರು; ಯಾವುದು ಊರಿನ ವಿಳಂಬ, ಯಾವುದು ನನ್ನದು ಎಂದು ಅವರಿಗೆ ತಿಳಿಯುವಂತಿರಲಿಲ್ಲ.

"ಮೇಡಂ, ಆಗ ನೀವು ಕೈ ಎತ್ತಿದಾಗ ನಾನು ಕಿವಿ ಮುಚ್ಚಿದ್ದು ಇದಕ್ಕೇ. ಇಲ್ಲಿ ಕೈ ಅಂದರೆ ರದ್ದು. ರದ್ದಾಗಬೇಕಾದ ಮಾತು ಇನ್ನೂ ಬಂದಿರಲ್ಲ. ಬಂದಿಲ್ಲ ಅಂತ ನಾವು ಕೈಯನ್ನ ಕಡೆಗಣಿಸಲ್ಲ. ಇಟ್ಟುಕೊಂಡಿರ್ತೀವಿ. ಮಾತು ಬಂದಾಗ ಕಿವಿ ಮುಚ್ಚಿರುತ್ತೆ. ನಿಮ್ಮ ಸಿಸ್ಟಮ್ ರದ್ದನ್ನ ಎಸೀಬಾರದು, ಇಟ್ಟುಕೊಳ್ಳಬೇಕು."

ನಳಿನಾಕ್ಷಿ ಅದನ್ನು ಕಾಗದದಲ್ಲಿ ಬರೆದುಕೊಂಡರು. ಆಮೇಲೆ ಕೇಳಿದರು, "ಎಷ್ಟು ಹೊತ್ತು ಇಟ್ಟುಕೊಂಡಿರಬೇಕು?"

ಸರಿಯಾದ ಪ್ರಶ್ನೆ. ಉತ್ತರಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಗೌರಮ್ಮನವರು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಗಿರಣಿ ಇನ್ನೂ ಎಷ್ಟು ಹೊತ್ತು ನಿಲ್ಲಿಸಬೇಕೆಂದು ಕೇಳಲು ಬಂದವರು ನೇರವಾಗಿ ಕ್ಯಾಮೆರಾದ ಮುಂದೆಯೇ ಬಂದು, ನಳಿನಾಕ್ಷಿಯವರನ್ನು ಕೆಕ್ಕರಿಸಿ ನೋಡಿ, ಒಂದೇ ಉಸಿರಿಗೆ ಏನೋ ಹೇಳಿದರು. ಬೆನ್ನು ನನ್ನ ಕಡೆಗಿತ್ತು, ತುಟಿ ಕಾಣಲಿಲ್ಲ. ಹೇಳಿ ಮುಗಿಸಿ ನನ್ನ ಮುಖ ನೋಡಿದರು. ಅಲ್ಲಿ ಏನು ಕಂಡಿತೋ, ನಾಲಿಗೆ ಕಚ್ಚಿಕೊಂಡು ಹಿಟ್ಟಿನ ಅಂಗೈ ಎತ್ತಿದರು.

ನಾನು ಕಿವಿ ಮುಚ್ಚಿಕೊಂಡೆ. ತೆರೆಯ ಕಡೆ ನೋಡಿದೆ. ಹದಿನಾಲ್ಕು ಗಂಟೆಯೋ ಇಪ್ಪತ್ತು ಗಂಟೆಯೋ ದೂರದ ಯಾವುದೋ ಕಚೇರಿಯಲ್ಲಿ ನಳಿನಾಕ್ಷಿ ಆ ಬಿಳಿ ಅಂಗೈಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕನ್ನಡಕ ತೆಗೆದಿಟ್ಟು, ಎರಡೂ ಕೈಯಿಂದ ತಮ್ಮ ಕಿವಿ ಮುಚ್ಚಿಕೊಂಡರು. ಅವರ ಹಿಂದೆ ಯಾರೋ ಕಾಫಿ ಹಿಡಿದು ಹೋಗುತ್ತಿದ್ದವರು ನಿಂತು ನೋಡಿದರು. ನಳಿನಾಕ್ಷಿ ಕೈ ತೆಗೆಯಲಿಲ್ಲ. ಪುಟ್ಟಗೌರಮ್ಮನವರು ಮಾತು ಹಾದುಹೋಗುವವರೆಗೆ ಗಂಭೀರವಾಗಿ ನಿಂತಿದ್ದು, ಮೊದಲು ನನಗೆ, ಆಮೇಲೆ ತೆರೆಗೆ ತಲೆಯಾಡಿಸಿದರು. ನಾವಿಬ್ಬರೂ ಒಟ್ಟಿಗೆ ಕೈ ಇಳಿಸಿದೆವು.

"ಅಲ್ಲಿವರೆಗೆ," ಎಂದೆ ನಾನು. "ಅವರು ತಲೆಯಾಡಿಸೋವರೆಗೆ. ಗಡಿಯಾರ ನೋಡಿ ಕಿವಿ ತೆರೀಬಾರದು. ಆ ಮಾತು ಬಂತು, ಹೋಯ್ತು ಅಂತ ಖಾತ್ರಿಯಾದ ಮೇಲೇ ತೆರೀಬೇಕು."

ಪುಟ್ಟಗೌರಮ್ಮನವರು ಆವತ್ತು ಏನು ಹೇಳಿದರೆಂದು ನನಗೆ ಇಂದಿಗೂ ಗೊತ್ತಿಲ್ಲ. ನಳಿನಾಕ್ಷಿಯವರಿಗೂ ಗೊತ್ತಿಲ್ಲ. ಮೆಟ್ಟಿಲಿಳಿಯುವಾಗ ಅವರು ಕೇಳಿದ್ದು ಇಷ್ಟೇ, "ಆಯಮ್ಮ ನಮ್ಮೂರ ಕಡೆಯವಳೇನೇ? ಕಿವಿ ಮುಚ್ಕೊಳೋ ಗತ್ತು ನೋಡಿದ್ರೆ ಹಂಗೇ ಅನ್ಸುತ್ತೆ."

ಮೇ ೯ರ ಮಧ್ಯಾಹ್ನ ಪತ್ರ ಬಂತು. ಮನೆಯಿಂದಲೇ ಕೆಲಸ, ಜೂನ್ ೩ರಿಂದ. ಕೆಳಗೆ ಓಡಿಹೋಗಿ ಕೂಗಿ ಹೇಳಿದೆ. ಪುಟ್ಟಗೌರಮ್ಮನವರು ನನ್ನ ತುಟಿ ನೋಡಿ ತಿಳಿದುಕೊಂಡಿದ್ದರೆಂದು ಅವರ ಕಣ್ಣೇ ಹೇಳುತ್ತಿತ್ತು. ಆದರೂ ಸಭ್ಯತೆಯಿಂದ, ಮಾತು ಬರುವವರೆಗೆ ಸೊಂಟದ ಮೇಲೆ ಕೈಯಿಟ್ಟು ಕಾದರು. ಬಂದ ಮೇಲೆ, "ಹಂಗಾದ್ರೆ ದಿನಾ ಒಂಬತ್ತೂವರೆಗೆ ಗಿರಣಿ ನಿಲ್ಲಿಸ್ಬೇಕಾ? ಬಿಡು, ನಂಗೂ ಕಾಫಿ ಕುಡಿಯಕ್ಕೆ ಹೊತ್ತು ಬೇಕಿತ್ತು," ಎಂದರು. ಸಂಜೆ ಇಮ್ತಿಯಾಜ್ ಬಂದು, "ಅಕ್ಕ, ಬೆಡ್‌ಶೀಟ್ ಇನ್ನು ಹಾಸಿಗೆಗೇ ಹಾಕ್ಲಾ?" ಎಂದು ಕೇಳಿ ಹೋದ.

ಜೂನ್ ೩, ಸೋಮವಾರ, ಒಂಬತ್ತೂವರೆ. ತೆರೆಯ ಮೇಲೆ ಏಳು ಚೌಕಗಳು, ನಳಿನಾಕ್ಷಿಯವರನ್ನು ಬಿಟ್ಟರೆ ಎಲ್ಲವೂ ಹೊಸ ಮುಖ. ಗಿರಣಿ ಸದ್ದಿರಲಿಲ್ಲ. ಹೊಸಬರು ತಮ್ಮ ಹೆಸರು ಹೇಳಿ ಎಂದು ನಳಿನಾಕ್ಷಿ ಕೇಳಿ ತುಟಿ ಮುಚ್ಚಿದ ಕ್ಷಣ ನಾನು ಮೇಜಿನ ಕೆಳಗೆ ಸ್ಟಾಪ್‌ವಾಚ್ ಒತ್ತಿದೆ. ಪ್ರಶ್ನೆ ಬಂದು ಮುಟ್ಟಿತು. ಬಾಯಿ ತೆರೆದೆ. ಮೊದಲ ಅಕ್ಷರ ಎಂದಿನಂತೆ ಬಾಗಿಲ ಹಿಂದೆ ನಿಂತಿತು, ಎಂದಿಗಿಂತ ಹೆಚ್ಚು ಹೊತ್ತು ನಿಂತಿತು. ಏಳು ಚೌಕಗಳಲ್ಲಿ ಒಬ್ಬರು ಕೆನ್ನೆಗೆ ಕೈಯಿಟ್ಟುಕೊಂಡಿದ್ದರು, ಒಬ್ಬರು ಕಾಫಿ ಗುಟುಕರಿಸುತ್ತಿದ್ದರು. ಆ ಮದುವೆಯ ಪಂಕ್ತಿಯಲ್ಲಿ ಅನ್ನ ಕಲಸುತ್ತಿದ್ದ ಹೆಂಗಸಿನ ಮುಖವೇ ಏಳು ಸಲ ಕಂಡಂತಿತ್ತು. ಅಕ್ಷರ ಬಂತು. ಹೆಸರು ಪೂರ್ತಿ ಹೊರಟಿತು. ಅದರ ಮೊದಲ ಸದ್ದು ತಲುಪಿ ಏಳೂ ಮುಖಗಳು ಒಟ್ಟಿಗೆ ಅರಳಿದಾಗ ಮತ್ತೆ ಗುಂಡಿ ಒತ್ತಿದೆ. ಬರಲು ೯.೪, ನನ್ನ ಗಂಟಲಲ್ಲಿ ೭.೫, ಹೋಗಲು ೯.೪. ಅಷ್ಟು ಹೊತ್ತು ಯಾರೂ ನನ್ನ ಹೆಸರನ್ನು ನನ್ನ ಪರವಾಗಿ ಹೇಳಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ೨೬.೩ ಸೆಕೆಂಡು.